ಸಾವಿನ ಮನೆಯ ಗಾನಾ

ಕನ್ನಡದಲ್ಲಿ ‘ಗಾನ’ ಎಂಬ ಶಬ್ದ ಒಂದು ಬಗೆಯ ಘನತೆಯನ್ನು ಹೊತ್ತು ಬಂದಿದೆ. ಯಕ್ಷಗಾನ, ಗಾನಯೋಗಿ, ಗಾನಸುಧೆ ಎಂಬ ಪ್ರಯೋಗಗಳಲ್ಲಿ ಅದು ಸಾಧನೆಯನ್ನೂ ಗುರುಮುಖೇನ ಬಂದ ವಿದ್ಯೆಯನ್ನೂ ಸೂಚಿಸುತ್ತದೆ. ಅದೇ ಶಬ್ದ ಹಿಂದಿಯ ಉಚ್ಚಾರಣೆಯನ್ನು ಉಳಿಸಿಕೊಂಡು, ಕೊನೆಯ ಅಕ್ಷರವನ್ನು ದೀರ್ಘವಾಗಿಸಿಕೊಂಡು ಚೆನ್ನೈನ ಉತ್ತರ ಭಾಗವನ್ನು ಸೇರಿದಾಗ ಪಡೆದ ಅರ್ಥ ಬೇರೆ. ಅಲ್ಲಿ ‘ಗಾನಾ’ ಎಂದರೆ ದುಡಿಯುವ ಜನರ ಬೀದಿಯ ಹಾಡು; ಮದುವೆಯಲ್ಲಿ, ಹುಡುಗಿ ಮೈನೆರೆದ ಸಮಾರಂಭದಲ್ಲಿ, ಗೆಳೆಯರ ಕೂಟದಲ್ಲಿ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಸಾವಿನ ಮನೆಯಲ್ಲಿ ಕೇಳಿಬರುವ ಹಾಡು. ಮಹಾನಗರದ ವಾಯವ್ಯ ಅಂಚಿನಲ್ಲಿ, ಹಾಲಿನ ಕಾಲನಿ ಮತ್ತು ಪಶುವೈದ್ಯ ವಿಶ್ವವಿದ್ಯಾಲಯದ ಹೆಸರಿನಿಂದ ಪರಿಚಿತವಾಗಿರುವ, 2011ರಲ್ಲಿ ಮಹಾನಗರಪಾಲಿಕೆಗೆ ಸೇರಿಕೊಂಡ ಮಾಧವರಂನಿಂದ ಹೊರಟು, ಮೂಲಕ್ಕಡೈ, ಕೊಡುಂಗೈಯೂರು, ವ್ಯಾಸರ್ಪಾಡಿ, ಪೆರಂಬೂರು, ಪುಲಿಯಾಂತೋಪುಗಳನ್ನು ಹಾಯ್ದು ಬಂದರಿನ ಬಳಿಯ ರಾಯಪುರಂ, ಕಾಸಿಮೇಡುಗಳನ್ನು ಮುಟ್ಟುವ ಭೂಭಾಗವೇ ಬಹುಮಟ್ಟಿಗೆ ಈ ಹಾಡಿನ ತವರು. ಕನ್ನಡದ ಓದುಗರಿಗೆ ಮದರಾಸು ಎಂದರೆ ಒಂದು ಕಡೆ ಮ್ಯೂಸಿಕ್ ಅಕಾಡೆಮಿಯ ಡಿಸೆಂಬರ್ ಕಛೇರಿಗಳು, ಇನ್ನೊಂದು ಕಡೆ 1970ರ ದಶಕದವರೆಗೆ ಕನ್ನಡ ಚಿತ್ರಗಳಿಗೂ ಆಸರೆಯಾಗಿದ್ದ ಕೋಡಂಬಾಕ್ಕಂನ ಸ್ಟುಡಿಯೋಗಳು; ಗಿರಣಿ, ರೈಲ್ವೆ ಕಾರ್ಯಾಗಾರ, ಬಂದರು ಮತ್ತು ಮೀನುಪೇಟೆಗಳ ಮದರಾಸು ಆ ಚಿತ್ರದೊಳಗೆ ಬರುವುದು ಅಪರೂಪ. ಗಾನಾ ಹುಟ್ಟಿದ್ದು ಆ ಮೂರನೆಯ ಮದರಾಸಿನಲ್ಲಿ.

ಈ ಹಾಡುಗಾರನ ಸ್ಥಾನವನ್ನು ಅಳೆಯಬೇಕಾದರೆ ಅವನು ಹಾಡುವ ಸಂದರ್ಭವನ್ನು ಮೊದಲು ನೋಡಬೇಕು. ಸಾವು ಸಂಭವಿಸಿದ ಮನೆಯ ಮುಂದಿನ ಬೀದಿಗೆ ಶಾಮಿಯಾನ ಕಟ್ಟುತ್ತಾರೆ, ಬಾಡಿಗೆಯ ಕುರ್ಚಿಗಳು ಬರುತ್ತವೆ, ಶವವನ್ನು ಫ್ರೀಜರ್ ಪೆಟ್ಟಿಗೆಯಲ್ಲಿಟ್ಟು ಹೂವಿನ ಹಾರಗಳನ್ನು ಹೊದಿಸುತ್ತಾರೆ. ದೂರದ ನೆಂಟರು ಬಂದು ಸೇರುವವರೆಗೆ, ಎಂದರೆ ಸಾಮಾನ್ಯವಾಗಿ ಮರುದಿನದ ಮೆರವಣಿಗೆಯವರೆಗೆ, ಶವದ ಬಳಿ ಎಚ್ಚರವಿರುವುದು ಬಂಧುಗಳ ಮತ್ತು ಕೇರಿಯವರ ಹೊಣೆ. ಆ ದೀರ್ಘ ರಾತ್ರಿಯನ್ನು ತುಂಬುವವನು ಗಾನಾ ಹಾಡುಗಾರ, ಅವನು ಅಲ್ಲಿ ಹಾಡುವುದಕ್ಕೆ ‘ಮರಣ ಗಾನಾ’ ಎಂದು ಹೆಸರು. ಮೊದಲಿಗೆ ಅವನು ತಾಳವಿಲ್ಲದೆ, ನಮ್ಮ ಕಂಪನಿ ನಾಟಕಗಳಲ್ಲಿ ನಟರು ಕಂದಪದ್ಯವನ್ನು ಎತ್ತುತ್ತಿದ್ದಂತೆ, ದನಿಯನ್ನು ಮೇಲಕ್ಕೆ ಎಳೆದು ಒಂದೆರಡು ಸಾಲುಗಳನ್ನು ಹಾಡಿಕೊಂಡು ಸೇರಿದವರ ಮಾತನ್ನು ನಿಲ್ಲಿಸುತ್ತಾನೆ. ತಾಳ ಕೂಡಿಕೊಂಡ ಮೇಲೆ ಹಾಡು ತನ್ನ ನಡೆಯನ್ನು ಹಿಡಿಯುತ್ತದೆ. ಹಿಂದೆ ಈ ತಾಳವನ್ನು ಒದಗಿಸುತ್ತಿದ್ದವು ಚಪ್ಪಾಳೆ, ಬೆಂಕಿಪೊಟ್ಟಣ, ತಗಡಿನ ಡಬ್ಬ, ಬಿಂದಿಗೆ ಮುಂತಾದ ಕೈಗೆ ಸಿಕ್ಕ ಸಾಮಾನುಗಳು. ಬಳಿಕ ಢೋಲಕ್ ಬಂತು, ‘ಸಟ್ಟಿ’ ಎಂದು ಕರೆಯುವ ಬೋಗುಣಿಯಾಕಾರದ ಚರ್ಮವಾದ್ಯ ಬಂತು. ಸತ್ತವನ ಹೆಸರು, ಅವನ ಹೆಂಡತಿ ಮಕ್ಕಳ ಹೆಸರು, ಅವನು ದುಡಿದ ಜಾಗ, ಅವನ ಕೈಗುಣ, ಅವನ ಚಟ, ಬಿಟ್ಟುಹೋದ ಸಾಲ, ಉಳಿಸಿಹೋದ ಸ್ನೇಹ ಎಲ್ಲವೂ ಹಾಡಿನೊಳಗೆ ಬರಬೇಕು. ಇವನ್ನು ಹಾಡುಗಾರ ಮನೆಯವರಿಂದ ಕೆಲವು ನಿಮಿಷಗಳಲ್ಲಿ ಕೇಳಿ ತಿಳಿದುಕೊಂಡು, ತನ್ನ ನೆನಪಿನಲ್ಲಿರುವ ಸಿದ್ಧ ಸಾಲುಗಳ ನಡುವೆ ಪ್ರಾಸ ಕೆಡದಂತೆ ಹೆಣೆಯುತ್ತಾನೆ. ಹೆಸರು ಬಂದಾಗ ಮನೆಯವರು ಅಳುತ್ತಾರೆ, ಚಟದ ಮಾತು ಬಂದಾಗ ಗೆಳೆಯರು ಕಣ್ಣೀರಿನ ನಡುವೆಯೇ ನಗುತ್ತಾರೆ, ತಾಳ ಏರಿದಾಗ ಯಾರೋ ಎದ್ದು ಕುಣಿಯುತ್ತಾರೆ. ರಾತ್ರಿಯುದ್ದಕ್ಕೂ ಜನರನ್ನು ಈ ಮೂರು ಸ್ಥಿತಿಗಳ ನಡುವೆ ಸಾಗಿಸುತ್ತ, ಯಾವುದೊಂದರಲ್ಲಿಯೂ ಬಹುಕಾಲ ನಿಲ್ಲಲು ಬಿಡದಿರುವುದು ಅವನ ಕೌಶಲದ ತಿರುಳು.

ಇಂಥ ಹಾಡುಗಾರರನ್ನು ಕುರಿತು ಯೋಚಿಸಲು ಸ್ಪೇನಿನ ದಕ್ಷಿಣ ಪ್ರಾಂತ್ಯವಾದ ಆಂದಲೂಸಿಯಾದ ಫ್ಲಮೆಂಕೊ ಪರಂಪರೆಯಲ್ಲಿ ಒಂದು ಉಪಯುಕ್ತವಾದ, ಆದರೆ ಎಚ್ಚರದಿಂದ ಬಳಸಬೇಕಾದ ಪರಿಭಾಷೆ ದೊರೆಯುತ್ತದೆ. ಅಲ್ಲಿ ಮನೆಯ ಹಬ್ಬ, ಮದುವೆ, ನಾಮಕರಣ, ಖಾಸಗಿ ಕೂಟಗಳಲ್ಲಿ ಹಾಡಿ, ಹಾಡುತ್ತಲೇ ನಾಲ್ಕು ಹೆಜ್ಜೆ ಕುಣಿದು, ಚಪ್ಪಾಳೆಯಿಂದ ಇತರರನ್ನು ಎತ್ತಿ ನಿಲ್ಲಿಸುವ ಕಲಾವಿದನಿಗೆ ‘ಫೆಸ್ತೆರೊ’ ಎನ್ನುತ್ತಾರೆ. ಉತ್ಸವದವನು ಎಂಬುದು ಆ ಪದದ ನೇರ ಅರ್ಥ. ಹನ್ನೆರಡು ಎಣಿಕೆಯ ಆವರ್ತದಲ್ಲಿ ವೇಗವಾಗಿ ಸಾಗುವ ‘ಬುಲೇರಿಯಾ’ ಅವನ ಮುಖ್ಯ ಕ್ಷೇತ್ರ. ಅದಕ್ಕೆ ಎದುರಾಗಿ ‘ಕಾಂತೆ ಹೊಂದೊ’, ಎಂದರೆ ಆಳದ ಹಾಡು ಎಂಬ ವರ್ಗವಿದೆ. ಸಿಗಿರಿಯಾ, ಸೊಲೆಯಾ ಮುಂತಾದ ನಿಧಾನಗತಿಯ, ದುಃಖ ಮತ್ತು ಸಾವನ್ನು ಕುರಿತ ಹಾಡುಗಳು ಅದರಲ್ಲಿ ಸೇರುತ್ತವೆ. 1922ರ ಜೂನ್ ತಿಂಗಳಲ್ಲಿ ಸಂಗೀತಕಾರ ಮಾನುಯೆಲ್ ದೆ ಫಾಯಾ ಮತ್ತು ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮುಂತಾದವರು ಗ್ರನಾದಾದಲ್ಲಿ ನಡೆಸಿದ ಸ್ಪರ್ಧೆ ಆಳದ ಹಾಡನ್ನೇ ಗುರಿಯಾಗಿಸಿಕೊಂಡು, ಅದು ಕಲಬೆರಕೆಯಾಗುತ್ತಿದೆ ಎಂಬ ಆತಂಕದಿಂದ ಇಪ್ಪತ್ತೊಂದು ವರ್ಷ ಮೀರಿದ ವೃತ್ತಿಪರರನ್ನು ಹೊರಗಿಟ್ಟಿತು. ಮುಂದೆ 1963ರಲ್ಲಿ ಗಾಯಕ ಆಂತೋನಿಯೊ ಮೈರೇನಾ ಮತ್ತು ಕವಿ ರಿಕಾರ್ದೊ ಮೋಲಿನಾ ಬರೆದ ಪುಸ್ತಕ ಹಾಡುಗಳ ವಂಶಾವಳಿಯನ್ನು ನಿರ್ಮಿಸಿ, ಆಳದ ಹಾಡುಗಳನ್ನು ಮೂಲಕಾಂಡದ ಸ್ಥಾನದಲ್ಲಿ ಕೂರಿಸಿತು. ಮೈರೇನಾ ಸ್ವತಃ ಬುಲೇರಿಯಾವನ್ನು ಸೊಗಸಾಗಿ ಹಾಡಿದವನು, ಕೂಟದ ಹಾಡನ್ನು ಹೀಗಳೆದವನಲ್ಲ. ಆದರೂ ವಿಮರ್ಶೆಯಲ್ಲಿ ಬಲಗೊಂಡ ಶ್ರೇಣಿ ಅದೇ: ದುಃಖದ ಹಾಡುಗಾರ ಮಹಾಕಲಾವಿದ, ಕೂಟದ ಹಾಡುಗಾರ ಅವನ ಬಳಿಕ ಬರುವ ರಂಜಕ.

ಈ ಶ್ರೇಣಿ ಫ್ಲಮೆಂಕೊಗೆ ಸಂಬಂಧಿಸಿದಂತೆಯೂ ಪೂರ್ತಿ ನ್ಯಾಯವಾದದ್ದಲ್ಲ. ಉತ್ರೇರಾ ಪಟ್ಟಣದ ಸೋದರಿಯರಲ್ಲಿ ಫೆರ್ನಾಂದಾ ಸೊಲೆಯಾಗೆ, ಬೆರ್ನಾರ್ದಾ ಬುಲೇರಿಯಾಗೆ ಹೆಸರಾದವರು; ಒಂದೇ ಮನೆಯಲ್ಲಿ, ಒಂದೇ ಕೂಟದಲ್ಲಿ ಬೆಳೆದ ಈ ಎರಡು ದನಿಗಳಲ್ಲಿ ಒಂದಕ್ಕೆ ಆಳ, ಇನ್ನೊಂದಕ್ಕೆ ಉತ್ಸವ ಎಂದು ಚೀಟಿ ಅಂಟಿಸಿದರೆ, ಅಕ್ಕನ ದುಃಖದ ಹಾಡಿಗೆ ಬೇಕಾದ ಕಿವಿಗಳನ್ನು ಆ ರಾತ್ರಿ ಸಿದ್ಧಪಡಿಸಿದವರು ಯಾರು ಎಂಬ ಪ್ರಶ್ನೆ ಮರೆಯಾಗುತ್ತದೆ. ಆದರೆ ಉತ್ತರ ಚೆನ್ನೈನಲ್ಲಿ ಆ ಭೇದ ಬುಡದಿಂದಲೇ ಕಳಚಿಕೊಳ್ಳುತ್ತದೆ, ಏಕೆಂದರೆ ಅಲ್ಲಿನ ಕೂಟದ ಹಾಡುಗಾರನ ಮುಖ್ಯ ಕೂಟವೇ ಸಾವಿನ ಮನೆ. ಅವನ ವಸ್ತು ಸಿಗಿರಿಯಾದ ವಸ್ತು, ಅವನ ತಾಳ ಬುಲೇರಿಯಾದಂತೆ ಕಾಲನ್ನು ಎಬ್ಬಿಸುವ ತಾಳ. ಅವನ ಮುಂದೆ ಅಳುತ್ತಿರುವ ತಾಯಿಯೂ ಕುಣಿಯುತ್ತಿರುವ ಮಗನೂ ಇದ್ದಾರೆ. ಆಳ ಮತ್ತು ಉತ್ಸವ ಎರಡು ಬೇರೆ ಹಾಡುಗಳಲ್ಲಿ ಇರಬೇಕು ಎಂಬ ನಂಬಿಕೆ ಸಂಗೀತವನ್ನು ಕುರ್ಚಿಯಲ್ಲಿ ಕುಳಿತು ಕೇಳುವವರದು. ಶವದ ಪಕ್ಕದಲ್ಲಿ ಎಚ್ಚರವಿರಬೇಕಾದವರಿಗೆ ಅವೆರಡೂ ಒಂದೇ ಹಾಡಿನಲ್ಲಿ ಬೇಕಾಗುತ್ತವೆ. ಗಾನಾವನ್ನು ಕೀಳು ರಂಜನೆ ಎಂದು ತಳ್ಳಿಹಾಕುವವರೂ, ಅದನ್ನು ಶೋಕಗೀತೆಯೆಂದು ಮೇಲೆತ್ತುವವರೂ ಈ ಒಂದು ವಿಷಯದಲ್ಲಿ ಸಮಾನವಾಗಿ ತಪ್ಪುತ್ತಾರೆ.

ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಅಲ್ಲಿ ಸಾವಿನ ಮನೆಯ ಮುಂದೆ ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯೆಲ್ಲ ತತ್ವಪದಗಳ ಭಜನೆ ನಡೆಯುತ್ತದೆ. ಶಿಶುನಾಳ ಶರೀಫ, ಕಡಕೋಳ ಮಡಿವಾಳಪ್ಪರ ಪದಗಳು ದೇಹದ ನಶ್ವರತೆಯನ್ನು ಹೇಳುತ್ತಲೇ ಕೂತವರ ತಲೆ ತೂಗಿಸುತ್ತವೆ. ಗಾನಾ ಹಾಡುಗಾರರು ತಮ್ಮ ಪರಂಪರೆಯನ್ನು ಸಿದ್ಧರ ಪದಗಳಿಗೂ, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಪ್ರದೇಶದಲ್ಲಿಯೇ ನೆಲೆಸಿದ್ದ ಸೂಫಿ ಕವಿ ಕುಣಂಗುಡಿ ಮಸ್ತಾನ್ ಸಾಹಿಬನಿಗೂ ಜೋಡಿಸಿಕೊಳ್ಳುವುದುಂಟು. ತೊಂಡಿಯಾರ್‌ಪೇಟೆ ಎಂಬ ಹೆಸರೇ ತೊಂಡಿಯ ಕಡೆಯಿಂದ ಬಂದ ಆ ಸಂತನಿಂದ ಬಂದಿತೆಂಬ ನಂಬಿಕೆಯೂ ಅಲ್ಲಿದೆ. ಸಂಪತ್ತನ್ನು ತೊರೆದು ಸಾವಿನ ನಿಜವನ್ನು ಹಾಡಿದ ಪಟ್ಟಿನತ್ತಾರರ ಸಮಾಧಿ ಸಮೀಪದ ತಿರುವೊಟ್ರಿಯೂರಿನ ಕಡಲ ದಂಡೆಯಲ್ಲಿದೆ. ಈ ವಂಶಾವಳಿಯನ್ನು ದಾಖಲೆಗಳಿಂದ ಸ್ಥಾಪಿಸುವುದು ಕಷ್ಟ, ಹಾಗೆ ಸ್ಥಾಪಿಸುವುದು ಅಗತ್ಯವೂ ಅಲ್ಲ; ಒಬ್ಬ ಹಾಡುಗಾರ ತನ್ನ ಹಿರಿಯನೆಂದು ಯಾರನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅವನು ತನ್ನ ಕೆಲಸವನ್ನು ಏನೆಂದು ತಿಳಿದಿದ್ದಾನೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯ. ಆದರೆ ತತ್ವಪದಕ್ಕೂ ಮರಣ ಗಾನಾಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ತತ್ವಪದದ ಅಂಕಿತದಲ್ಲಿ ಗುರುವಿನ ಅಥವಾ ಕವಿಯ ಹೆಸರಿರುತ್ತದೆ, ಸತ್ತವನು ಎಲ್ಲ ಮನುಷ್ಯರ ಪ್ರತಿನಿಧಿಯಾಗಿ ಅಲ್ಲಿ ಮಲಗಿರುತ್ತಾನೆ. ಮರಣ ಗಾನಾದಲ್ಲಿ ಅಂಕಿತದ ಸ್ಥಾನಕ್ಕೆ ಸತ್ತವನ ಹೆಸರೇ ಬರುತ್ತದೆ. ಗೋಣಿ ಹೊತ್ತವನಿಗೋ ಬಣ್ಣ ಬಳಿದವನಿಗೋ ಆಟೋ ಓಡಿಸಿದವನಿಗೋ ತನ್ನ ಹೆಸರು ಪದ್ಯದೊಳಗೆ ಸೇರುವ ಬಹುಶಃ ಒಂದೇ ಅವಕಾಶ ಅದು.

ಗಾನಾದ ಮೇಲೆ ಸಂಗೀತ ಬಲ್ಲವರು ಹೊರಿಸುವ ಒಂದು ಆಕ್ಷೇಪ ಅದರ ಮಟ್ಟುಗಳು ಎರವಲು ಎಂಬುದು. ಸಾಕಷ್ಟು ಗಾನಾಗಳು ಹಳೆಯ ತಮಿಳು ಅಥವಾ ಹಿಂದಿ ಚಿತ್ರಗೀತೆಯ ಧಾಟಿಯ ಮೇಲೆ ನಿಂತಿರುವುದು ನಿಜ. ಆದರೆ ‘ಮಟ್ಟು’ ಎಂಬ ಪದವನ್ನೇ ಉಳಿಸಿಕೊಂಡಿರುವ ಕನ್ನಡದ ಓದುಗರಿಗೆ ಇದನ್ನು ದೋಷವೆಂದು ಎಣಿಸುವುದು ಸಾಧ್ಯವಾಗಬಾರದು. ಹಾಡಿನ ಪುಸ್ತಕಗಳಲ್ಲಿ, ನಾಟಕ ಕಂಪನಿಗಳ ಪದಗಳಲ್ಲಿ ಇಂಥ ಹಾಡಿನ ಮಟ್ಟು ಎಂದು ಮೇಲೆ ಬರೆದು ಹೊಸ ಪದವನ್ನು ಕೆಳಗೆ ಅಚ್ಚು ಹಾಕುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆದಿದೆ. ಬೆರ್ನಾರ್ದಾ ಕೂಡ ತನ್ನ ಕಾಲದ ಜನಪ್ರಿಯ ಸ್ಪ್ಯಾನಿಷ್ ಹಾಡುಗಳನ್ನು ಬುಲೇರಿಯಾದ ತಾಳಕ್ಕೆ ಬಗ್ಗಿಸಿ ಹಾಡುವುದರಲ್ಲಿ ನಿಸ್ಸೀಮಳಾಗಿದ್ದಳು. ಕೂಟದ ಹಾಡಿಗೆ ಪರಿಚಿತ ಮಟ್ಟು ಬೇಕಾಗುವುದಕ್ಕೆ ಒಂದು ವ್ಯಾವಹಾರಿಕ ಕಾರಣವಿದೆ: ಕೇಳುಗರು ಮೊದಲ ಸಾಲಿಗೇ ಚಪ್ಪಾಳೆಯೊಡನೆ ಸೇರಿಕೊಳ್ಳಬೇಕು, ಪಲ್ಲವಿಯನ್ನು ಅವರೇ ಎತ್ತಿಕೊಳ್ಳಬೇಕು, ಆ ನಡುವಿನ ಬಿಡುವಿನಲ್ಲಿ ಹಾಡುಗಾರ ಮುಂದಿನ ಸಾಲನ್ನು ಕಟ್ಟಿಕೊಳ್ಳಬೇಕು. ಹೊಸ ರಾಗವನ್ನು ಕೇಳುಗರ ಮುಂದಿಟ್ಟರೆ ಅವರು ಸುಮ್ಮನಾಗುತ್ತಾರೆ. ಸಭಾಂಗಣದಲ್ಲಿ ಆ ಮೌನ ಮೆಚ್ಚುಗೆಯ ಗುರುತು, ಸಾವಿನ ಮನೆಯಲ್ಲಿ ಅದು ಹಾಡುಗಾರನ ಸೋಲು.

ಭಾಷೆಯ ವಿಷಯವೂ ಹೀಗೆಯೇ. ಗಾನಾದ ನುಡಿ ‘ಮದ್ರಾಸ್ ಭಾಷೈ’ ಎಂದು ಹೆಸರಾದ, ತೆಲುಗು, ಉರ್ದು, ಇಂಗ್ಲಿಷುಗಳನ್ನು ಧಾರಾಳವಾಗಿ ಹೀರಿಕೊಂಡ ನಗರದ ತಮಿಳು. ಗಲೀಜು, ಬೇಜಾರು, ಉಷಾರು ಮುಂತಾದ ಮಾತುಗಳು ಅದರಲ್ಲಿ ಬಂದಾಗ ಕನ್ನಡಿಗರ ಕಿವಿ ನಿಮಿರುತ್ತದೆ. ಶಿಷ್ಟ ತಮಿಳು ಇದನ್ನು ಬಹುಕಾಲ ನಗೆಪಾಟಲಿನ ವಸ್ತುವಾಗಿ ಕಂಡಿತು. ಭಾಷೆಯ ಶುದ್ಧಿಯನ್ನೇ ರಾಜಕೀಯದ ತಳಹದಿಯಾಗಿ ಮಾಡಿಕೊಂಡ ಒಂದು ರಾಜ್ಯದ ರಾಜಧಾನಿಯಲ್ಲಿ, ಆ ಶುದ್ಧಿಯ ಅಳತೆಗೆ ಸಿಗದ ಜನ ತಮ್ಮ ಸತ್ತವರನ್ನು ತಮ್ಮ ನುಡಿಯಲ್ಲಿಯೇ ಕಳಿಸಿಕೊಟ್ಟರೆಂಬುದು ಸಣ್ಣ ಸಂಗತಿಯಲ್ಲ.

ಗಾನಾವನ್ನು ಪೋಷಿಸಿದ ಕೇರಿಗಳು ಬಹುಪಾಲು ದಲಿತರವು, ಮೀನುಗಾರರವು, ವಲಸೆ ಬಂದ ಕೂಲಿಗಳವು. ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಸುತ್ತ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲಿ ಅದನ್ನು ಎಣಿಸುತ್ತಾರೆ. 1921ರ ಮುಷ್ಕರದಲ್ಲಿ ಅದೇ ಕಾರ್ಮಿಕರು ಜಾತಿಯ ಗೆರೆಯ ಮೇಲೆ ಒಡೆದು, ಪುಲಿಯಾಂತೋಪಿನಲ್ಲಿ ಗುಡಿಸಲುಗಳು ಉರಿದವು. ಈ ಹಿನ್ನೆಲೆಯಲ್ಲಿ ಸಾವಿನ ಹಾಡನ್ನು ಹಾಡುವ ದಲಿತನ ಬಗ್ಗೆ ಒಂದು ಗಂಭೀರವಾದ ಸಂಶಯ ಏಳುವುದು ಸಹಜ. ತಮಿಳುನಾಡಿನಲ್ಲಿ ಮೇಲ್ಜಾತಿಯವರ ಶವದ ಮುಂದೆ ಪರೈ ಬಾರಿಸುವುದು, ಕರ್ನಾಟಕದಲ್ಲಿ ತಮಟೆ, ಹಲಗೆ ಬಾರಿಸುವುದು ಜಾತಿಯೊಂದರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಅದನ್ನು ನಿರಾಕರಿಸುವುದು ದಲಿತ ಚಳವಳಿಯ ಮುಖ್ಯ ನಡೆಗಳಲ್ಲಿ ಒಂದಾಯಿತು. ಮರಣ ಗಾನಾ ಆ ಚಾಕರಿಯ ಮುಂದುವರಿಕೆಯೇ ಎಂಬ ಪ್ರಶ್ನೆಗೆ, ಇಲ್ಲ ಎಂಬ ಉತ್ತರವನ್ನು ಸ್ಪಷ್ಟವಾಗಿ ಕೊಡಬೇಕು. ಪರೈ ಬಾರಿಸುವವನು ಒಡೆಯನ ಮನೆಯ ಹೊರಗೆ, ತನ್ನ ದನಿಯಿಲ್ಲದೆ, ಇನ್ನೊಬ್ಬರ ದುಃಖಕ್ಕೆ ಸದ್ದು ಕೊಡುತ್ತಿದ್ದ. ಗಾನಾ ಹಾಡುಗಾರ ತನ್ನ ಕೇರಿಯಲ್ಲಿ, ತನ್ನವರ ನಡುವೆ, ಆಮಂತ್ರಿತನಾಗಿ ಬಂದು ಮಾತನಾಡುತ್ತಾನೆ. ಅವನಿಗೆ ಸಿಗುವ ಸಂಭಾವನೆ ಕಡಿಮೆ ಇರಬಹುದು, ಹಗಲಿಗೆ ಬೇರೆ ಕೂಲಿ ಮಾಡಬೇಕಾಗಬಹುದು. ಆದರೆ ಆ ರಾತ್ರಿ ಸಭೆ ಅವನ ಅಂಕೆಯಲ್ಲಿರುತ್ತದೆ. ಅಂಬೇಡ್ಕರರ ಹೆಸರು ಅವನ ಹಾಡಿನಲ್ಲಿ ಬರುವುದು ಕೂಡ ಇದೇ ಕಾರಣಕ್ಕೆ, ಮನೆಯ ಹಿರಿಯರೊಬ್ಬರ ಹೆಸರಿನಂತೆ.

ಸಿನಿಮಾ ಈ ಹಾಡನ್ನು ಕಂಡುಕೊಂಡ ರೀತಿ ಅದರ ಲಾಭನಷ್ಟಗಳನ್ನು ಒಟ್ಟಿಗೆ ತೋರಿಸುತ್ತದೆ. ತಮಿಳಿನ ಹಾಸ್ಯನಟ ಚಂದ್ರಬಾಬು ಮದ್ರಾಸ್ ಭಾಷೆಯನ್ನು ತನ್ನ ಹಾಸ್ಯಗೀತೆಗಳಿಗೆ ಬಳಸಿಕೊಂಡ. 1968ರ ‘ಬೊಮ್ಮಲಾಟ್ಟಂ’ ಚಿತ್ರದಲ್ಲಿ ಮನೋರಮಾ ಹಾಡಿದ ಹಾಡು ಅದೇ ನುಡಿಯಿಂದ ಜನಪ್ರಿಯವಾಯಿತು. 1990ರ ದಶಕದಲ್ಲಿ ಸಂಗೀತ ನಿರ್ದೇಶಕ ದೇವಾ ಗಾನಾವನ್ನು ಚಿತ್ರಗೀತೆಯ ಒಂದು ಸ್ಥಿರ ವಿಭಾಗವಾಗಿಯೇ ಮಾಡಿದರು. 1996ರ ‘ಕಾದಲ್ ಕೋಟ್ಟೈ’ ಚಿತ್ರಕ್ಕೆ ಅವರೇ ಹಾಡಿದ ಗಾನಾ ಇದಕ್ಕೆ ಒಂದು ಪ್ರಸಿದ್ಧ ನಿದರ್ಶನ. ಕನ್ನಡದ ಪ್ರೇಕ್ಷಕರು ಆ ಚಿತ್ರದ ಕಥೆಯನ್ನು 1998ರ ‘ಯಾರೇ ನೀನು ಚೆಲುವೆ’ಯ ಮೂಲಕ ಬಲ್ಲರು, ಆದರೆ ಕಥೆ ಗಡಿ ದಾಟಿದಂತೆ ಉತ್ತರ ಮದರಾಸಿನ ಬೀದಿಯ ಲಯ ದಾಟಿ ಬರಲಾರದು, ಏಕೆಂದರೆ ಅದು ಕಥೆಗಿಂತ ಹೆಚ್ಚಾಗಿ ಒಂದು ಊರಿಗೆ ಸೇರಿದ್ದು. ದೇವಾ ಮಾಡಿದ ಉಪಕಾರ ದೊಡ್ಡದು: ಕೇರಿಯ ಹಾಡಿಗೆ ರಾಜ್ಯದ ಎಲ್ಲ ಬಸ್ಸುಗಳಲ್ಲಿ, ಎಲ್ಲ ಟೀ ಅಂಗಡಿಗಳಲ್ಲಿ ಜಾಗ ಸಿಕ್ಕಿತು. ಜೊತೆಗೆ ಆದ ನಷ್ಟವೂ ದೊಡ್ಡದು. ಚಿತ್ರಗೀತೆಗೆ ಬಂದದ್ದು ಗಾನಾದ ತಾಳ, ಅದರ ನುಡಿಗಟ್ಟು, ಗೆಳೆತನ ಮತ್ತು ಪ್ರೇಮಭಂಗದ ವಸ್ತು; ಹಿಂದೆ ಉಳಿದದ್ದು ಸಾವು. ನಾಯಕ ಕುಡಿದು ಕುಣಿಯುವ ನಾಲ್ಕೂವರೆ ನಿಮಿಷದ ಹಾಡಿನಲ್ಲಿ ಹೆಸರು ಹಿಡಿದು ಕರೆಯಬೇಕಾದ ಯಾವ ಸತ್ತವನೂ ಇರುವುದಿಲ್ಲ.

ಈ ಹೋಲಿಕೆಯಲ್ಲಿ 2006ರ ‘ಚಿತ್ತಿರಂ ಪೇಸುದಡಿ’ ಚಿತ್ರಕ್ಕೆ ಗಾನಾ ಉಲಗನಾಥನ್ ಹಾಡಿದ ಮೀನುಗಳ ಮದುವೆಯ ಹಾಡು ಪ್ರತ್ಯೇಕವಾಗಿ ನಿಲ್ಲುತ್ತದೆ. ಒಂದು ಜಾತಿಯ ಮೀನಿಗೂ ಇನ್ನೊಂದು ಜಾತಿಯ ಮೀನಿಗೂ ಮದುವೆ, ಉಳಿದ ಮೀನುಗಳೆಲ್ಲ ನೆಂಟರು ಮತ್ತು ಕೆಲಸದವರು ಎಂಬುದಷ್ಟೇ ಅದರ ಕಥೆ. ಆದರೆ ಮೀನುಪೇಟೆಯ ಬುಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಕರೆದು, ಪ್ರತಿಯೊಂದಕ್ಕೂ ಮದುವೆ ಮನೆಯಲ್ಲಿ ಒಂದು ಜಾಗ ಕೊಡುವ ಈ ಹೆಸರಿಸುವ ಕಲೆ ಕೂಟದ ಹಾಡುಗಾರನ ಮೂಲ ಕಲೆಯೇ. ಚಿತ್ರಕ್ಕಾಗಿ ಪಳಗಿಸಿದ ಗಾನಾಗಳಲ್ಲಿ ಈ ಒಂದು ಹಾಡು ತನ್ನ ಹುಟ್ಟಿನ ಗುರುತನ್ನು ಇಷ್ಟು ಪೂರ್ಣವಾಗಿ ಉಳಿಸಿಕೊಂಡಿದೆ ಎಂಬುದರಿಂದಲೇ ಅದರ ಜನಪ್ರಿಯತೆ ಹಗುರವಾದದ್ದಲ್ಲ ಎನ್ನಬಹುದು. 2012ರಲ್ಲಿ ಪಾ. ರಂಜಿತ್ ನಿರ್ದೇಶನದ ‘ಅಟ್ಟಕತ್ತಿ’ಗೆ ಸಂತೋಷ್ ನಾರಾಯಣನ್ ಸಂಗೀತದಲ್ಲಿ ಗಾನಾ ಬಾಲಾ ಹಾಡಿದ ಹಾಡುಗಳು ಇನ್ನೊಂದು ಹೆಜ್ಜೆ; ಅಲ್ಲಿ ಹಾಡುಗಾರ ಹಾಸ್ಯದ ಸರಕಾಗಿ ಬರದೆ, ಚಿತ್ರದ ಉಪನಗರದ ಹುಡುಗರ ಅಂತರಂಗದ ದನಿಯಾಗಿ ಬಂದ.

ವೇದಿಕೆಯ ಮೇಲೆ ಗಾನಾ ಬಂದ ಬಗೆ ಇದಕ್ಕಿಂತ ತೊಡಕಿನದು. 2015ರ ಜನವರಿಯಲ್ಲಿ ಬೆಸೆಂಟ್ ನಗರದ ಬಳಿಯ ಮೀನುಗಾರರ ಕೇರಿಯಲ್ಲಿ ಗಾಯಕ ಟಿ. ಎಂ. ಕೃಷ್ಣ ಮುಂತಾದವರು ಆರಂಭಿಸಿದ ಊರೂರು ಆಲ್ಕಾಟ್ ಕುಪ್ಪಂ ಉತ್ಸವ ಕರ್ನಾಟಕ ಸಂಗೀತವನ್ನೂ ಜನರ ಕಲೆಗಳನ್ನೂ ಒಂದೇ ಚಪ್ಪರದಡಿ ತಂದಿತು. ಈ ಪ್ರಯತ್ನದ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಉತ್ಸವದ ಕಾಲಪಟ್ಟಿಯೊಳಗೆ ಗೊತ್ತಾದ ಅವಧಿಯ ಸರದಿ ಪಡೆದು ಹಾಡುವ ಗಾನಾ, ಇಡೀ ರಾತ್ರಿಯ ಗಾನಾ ಆಗಲಾರದು. 2018ರ ಜನವರಿ 6ರಂದು ಕಿಲ್ಪಾಕ್‌ನಲ್ಲಿ ಮೊದಲ ಬಾರಿಗೆ ವೇದಿಕೆಗೆ ಬಂದ ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯಿತು. ಪಾ. ರಂಜಿತರ ನೀಲಂ ಸಾಂಸ್ಕೃತಿಕ ಕೇಂದ್ರ ಮತ್ತು ಸಂಗೀತಗಾರ ತೆನ್ಮಾ ಕೂಡಿ ಕಟ್ಟಿದ ಈ 19 ಮಂದಿಯ ತಂಡ ಗಾನಾವನ್ನು ರಾಕ್, ರ‍್ಯಾಪ್‌ಗಳೊಡನೆ ಸೇರಿಸಿ, ಮೀಸಲಾತಿ, ಮಲ ಹೊರುವ ಕೆಲಸ, ಜಾತಿಕೊಲೆಗಳನ್ನು ನೇರವಾಗಿ ಹಾಡಿತು. ಅದರ ಹೆಸರಿನ ಹಿಂದೆ ಜಾತಿರಹಿತ ದ್ರಾವಿಡರ ಕಲ್ಪನೆಯನ್ನು ಮುಂದಿಟ್ಟ ಪಂಡಿತ ಅಯೋತ್ತಿ ದಾಸರ ನೆನಪಿದೆ. ಕನ್ನಡದಲ್ಲಿ ಇದಕ್ಕೆ ಸಮೀಪದ ಅನುಭವವೆಂದರೆ 1975ರ ‘ಹೊಲೆಮಾದಿಗರ ಹಾಡು’ ಸಂಕಲನದ ಕವಿ ಸಿದ್ಧಲಿಂಗಯ್ಯನವರ ಪದಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಾಡಾದದ್ದು. ಹೋರಾಟದ ಹಾಡು ಜನಸಮೂಹವನ್ನು ಒಂದು ಎಂದು ಕರೆಯುತ್ತದೆ, ಆ ಒಂದರ ಬಲದಿಂದ ಎದುರಾಳಿಯೊಡನೆ ಮಾತನಾಡುತ್ತದೆ. ಗಾನಾದ ಮೂಲ ಶಕ್ತಿ ಅದಕ್ಕೆ ವಿರುದ್ಧ ದಿಕ್ಕಿನದು: ಅದು ಸಮೂಹದೊಳಗಿಂದ ಒಬ್ಬನನ್ನು ಆರಿಸಿ, ಅವನ ಹೆಸರು, ಅವನ ಬೀದಿ, ಅವನ ತಪ್ಪು ಇವುಗಳನ್ನು ಹೇಳಿ ಅವನನ್ನು ಬೇರಾರಂತೆಯೂ ಅಲ್ಲದವನನ್ನಾಗಿ ಮಾಡುತ್ತದೆ. ಕಲೆಕ್ಟಿವ್ ಈ ಎರಡನ್ನು ಬೆಸೆಯಲು ಯತ್ನಿಸಿದ್ದರಲ್ಲಿ ದೊಡ್ಡ ಧೈರ್ಯವಿದೆ, ಅದರ ಅತ್ಯುತ್ತಮ ಹಾಡುಗಳಲ್ಲಿ ಆ ಬೆಸುಗೆ ಹಿಡಿದೂ ಇದೆ. ಆದರೆ ಮೊದಲೇ ಬರೆದು, ಅಭ್ಯಾಸ ಮಾಡಿ, ಪ್ರತಿ ಊರಿನಲ್ಲಿ ಅದೇ ಸಾಲುಗಳಲ್ಲಿ ಹಾಡುವ ಪದ್ಧತಿ ಹೆಸರಿಸುವ ಕಲೆಯನ್ನು ಬದಿಗೆ ಸರಿಸಿದೆ ಎಂಬುದನ್ನು ತಂಡವನ್ನು ಮೆಚ್ಚುವವರೇ ಮೊದಲು ಹೇಳಬೇಕು.

ಈ ತಂಡ ಒಂದು ಬಾಗಿಲನ್ನಂತೂ ತೆರೆಯಿತು. ಗಾನಾ ಗಂಡಸರ ಹಾಡಾಗಿತ್ತು. ರಾಯಪುರಂನ ಇಸೈವಾಣಿ ಆ ವೇದಿಕೆಯಿಂದ ಹಾಡಿ, 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಸ್ಥಾನ ಪಡೆದಾಗ ಆ ಕಟ್ಟು ಎಷ್ಟು ಬಿಗಿಯಾಗಿತ್ತು ಎಂಬುದು ಹೊರಗಿನವರಿಗೂ ತಿಳಿಯಿತು. ಸಾವಿನ ಮನೆಯಲ್ಲಿ ಹೆಂಗಸರಿಗೆ ದನಿ ಇರಲಿಲ್ಲವೆಂದಲ್ಲ. ಶವದ ಸುತ್ತ ಕುಳಿತು, ಎದೆ ಬಡಿದುಕೊಂಡು, ಸತ್ತವರನ್ನು ಸಂಬಂಧದ ಹೆಸರಿನಿಂದ ಕರೆದು ಹಾಡಿಕೊಂಡು ಅಳುವ ‘ಒಪ್ಪಾರಿ’ ಅವರದೇ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹಾಡಾಡಿಕೊಂಡು ಅಳುವುದನ್ನು ಕಂಡವರಿಗೆ ಅದರ ರೂಪ ಗೊತ್ತು. ಮರಣ ಗಾನಾದ ಮುಖ್ಯ ಉಪಾಯಗಳಾದ ಹೆಸರು ಕರೆಯುವುದು, ಬಾಳನ್ನು ಬಿಡಿಸಿ ಹೇಳುವುದು, ಬಿಟ್ಟುಹೋದವನನ್ನು ಬೈಯುವುದು ಎಲ್ಲವೂ ಒಪ್ಪಾರಿಯಲ್ಲಿವೆ. ಹೆಂಗಸರು ಒಳಗೆ ಕೂತು ಕಟ್ಟಿದ್ದನ್ನು ಗಂಡಸರು ಶಾಮಿಯಾನದಡಿ ತಾಳದ ಮೇಲೆ ತಂದರೆಂದು ಊಹಿಸಲು ಈ ಹೋಲಿಕೆ ಸಾಕು, ಆದರೆ ಗಾನಾ ಹಾಡುಗಾರರು ತಮ್ಮ ವಂಶಾವಳಿಯಲ್ಲಿ ಸಿದ್ಧರನ್ನೂ ಸೂಫಿಗಳನ್ನೂ ಎಣಿಸುವಾಗ ಪಕ್ಕದಲ್ಲೇ ಅಳುತ್ತಿದ್ದ ಈ ಹಿರಿಯ ಹೆಂಗಸರನ್ನು ಎಣಿಸುವುದಿಲ್ಲ. ಫ್ಲಮೆಂಕೊ ಕೂಟಗಳಲ್ಲಿ ಮನೆಯ ಮುದುಕಿ ಎದ್ದು ಒಂದು ಬುಲೇರಿಯಾ ಹಾಡಿ ಕುಳಿತರೆ ವೃತ್ತಿಪರರೂ ತಲೆಬಾಗುತ್ತಾರೆ. ಉತ್ತರ ಚೆನ್ನೈನ ಕೂಟ ಆ ಔದಾರ್ಯವನ್ನು ಇನ್ನೂ ಕಲಿಯಬೇಕಾಗಿದೆ. ಅಂತರ್ಜಾಲದಲ್ಲಿ ಹರಡುವ ಹೊಸ ಗಾನಾಗಳಲ್ಲಿ ಹಲವು ಪ್ರೀತಿ ನಿರಾಕರಿಸಿದ ಹುಡುಗಿಯನ್ನು ಹೀನಾಯವಾಗಿ ನಿಂದಿಸುತ್ತವೆ, ಕತ್ತಿ ಮತ್ತು ಗಾಂಜಾವನ್ನು ಹೊಗಳುತ್ತವೆ. ಇವನ್ನು ಬಡತನದ ನೇರ ದನಿ ಎಂದು ಸಮರ್ಥಿಸುವುದು ಆ ಕೇರಿಗಳ ಹೆಂಗಸರಿಗೆ ಮಾಡುವ ಅನ್ಯಾಯ. ಕೂಟದಲ್ಲಿ ಹಾಡುವವನ ನಾಲಿಗೆಗೆ ಎದುರು ಕುಳಿತ ತಾಯಂದಿರ ಮುಖಗಳೇ ಕಡಿವಾಣವಾಗಿದ್ದವು. ಮೊಬೈಲಿನ ಮುಂದೆ ಹಾಡುವವನ ಎದುರು ಯಾರೂ ಇರುವುದಿಲ್ಲ.

ಎದುರು ಕುಳಿತವರು ಎಲ್ಲಿದ್ದಾರೆ ಎಂಬುದು ಹೀಗೆ ಗಾನಾದ ಬಗೆಗಿನ ಕೊನೆಯ, ಬಹುಶಃ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯಾಗುತ್ತದೆ. ಸೆವಿಲ್ಯಾ ನಗರದ ತ್ರಿಯಾನಾ ಎಂಬ ಮೊಹಲ್ಲಾ ಜಿಪ್ಸಿ ಕುಟುಂಬಗಳ ಕೂಟದ ಹಾಡಿಗೆ ಹೆಸರಾಗಿತ್ತು. 1950ರ ದಶಕದಿಂದ ಆ ಕುಟುಂಬಗಳನ್ನು ಅಂಗಳ ಹಂಚಿಕೊಂಡ ಹಳೆಯ ಮನೆಗಳಿಂದ ಎಬ್ಬಿಸಿ ನಗರದ ಹೊರಗಿನ ವಸತಿ ಕಟ್ಟಡಗಳಿಗೆ ಸಾಗಿಸಿದರು. 1983ರಲ್ಲಿ ಆ ಮೊಹಲ್ಲಾದ ವೃದ್ಧರು ಸೆವಿಲ್ಯಾದ ರಂಗಮಂದಿರವೊಂದರಲ್ಲಿ ಒಮ್ಮೆ ಸೇರಿ ಹಾಡಿ ಕುಣಿದರು. ಸಂಗೀತ ನಿರ್ಮಾಪಕ ರಿಕಾರ್ದೊ ಪಚೋನ್ ಉಳಿಸಿಕೊಂಡ ಆ ಚಿತ್ರೀಕರಣ 2013ರಲ್ಲಿ ಸಾಕ್ಷ್ಯಚಿತ್ರವಾಗಿ ಬಂದಾಗ, ಅವರ ಕಲೆ ಒಂದು ಅಂಗಳವನ್ನು ಎಷ್ಟು ಅವಲಂಬಿಸಿತ್ತು ಎಂಬುದು ಕಾಣಿಸಿತು. ಚೆನ್ನೈನಲ್ಲಿ ಕೂವಂ, ಅಡ್ಯಾರು ನದಿಗಳ ದಂಡೆಯ ಕುಟುಂಬಗಳನ್ನು, 2015ರ ನೆರೆಯ ಬಳಿಕ ಇನ್ನಷ್ಟು ವೇಗವಾಗಿ, ದಕ್ಷಿಣದ ಕಣ್ಣಗಿ ನಗರ, ಪೆರುಂಬಾಕ್ಕಂಗಳಿಗೆ ಸಾಗಿಸಲಾಗಿದೆ. ವ್ಯಾಸರ್ಪಾಡಿಯಿಂದ ಪೆರುಂಬಾಕ್ಕಂಗೆ 25 ಕಿಲೋಮೀಟರಿಗಿಂತ ಹೆಚ್ಚು ದೂರ. ಅಲ್ಲಿನ ಎಂಟು ಅಂತಸ್ತಿನ ಕಟ್ಟಡಗಳಲ್ಲಿ ಮನೆ ಇದೆ, ನಲ್ಲಿ ಇದೆ, ಆದರೆ ಬಾಗಿಲ ಮುಂದೆ ಬೀದಿ ಇಲ್ಲ. ಸತ್ತವನನ್ನು ಮೆಟ್ಟಿಲಿನಿಂದಲೋ ಲಿಫ್ಟಿನಿಂದಲೋ ಕೆಳಕ್ಕೆ ತಂದು, ಅವನ ಹೆಸರು ಬಲ್ಲವರನ್ನು ಹತ್ತಾರು ಬ್ಲಾಕುಗಳಿಂದ ಕರೆದು ಸೇರಿಸಬೇಕು. ಅಲ್ಲಿಗೆ ಬಂದ ಹಾಡುಗಾರ ಸತ್ತವನು ಈ ಬ್ಲಾಕಿನವನು ಎಂದು ಹಾಡುವುದಿಲ್ಲ, ಅವನ ಹಳೆಯ ಕೇರಿಯ ಹೆಸರನ್ನೇ ಹಾಡಿನಲ್ಲಿ ತರುತ್ತಾನೆ, ಮತ್ತು ಆ ಹೆಸರು ಬಂದಾಗ ಕುರ್ಚಿಗಳಲ್ಲಿ ಕುಳಿತವರು ತಲೆ ಎತ್ತುತ್ತಾರೆ.